ಒಂಬತ್ತನೆಯ ಸ್ಥಳದಲ್ಲಿ ನೀರು

ಸಂಪಾಜೆಯ ಮೇಲಿನ ಕಾಡಿನಲ್ಲಿ ಎರಡು ಕರಿಬಂಡೆಗಳ ನಡುವೆ ಒಂದು ತೋಡು ಹರಿಯುತ್ತದೆ. ಆ ಕೊರಕಲಿನೊಳಗೆ ಕ್ರಿಸ್ತನ ಕೊನೆಯ ನಡಿಗೆಯನ್ನು ನೆನೆಯುವ ಶಿಲುಬೆಯ ಹಾದಿಯ ಹದಿನಾಲ್ಕು ಸ್ಥಳಗಳನ್ನು ಗುರುತಿಸಿದವನು ನಾನು. ಇದನ್ನು ಮೊದಲಿಗೇ ಬರೆದಿಡುತ್ತೇನೆ, ಏಕೆಂದರೆ ಚರ್ಚಿನಲ್ಲಿ ಹಂಚಿದ ಕರಪತ್ರದಲ್ಲಿ ಈ ಮಾತು ಇಲ್ಲ. ಅಲ್ಲಿರುವುದು 'ಹಿರಿಯರ ಸಹಕಾರದಿಂದ' ಎಂಬ ಎರಡು ಪದಗಳು. ಆ ಹಿರಿಯರು ಎಂದರೆ ನಾನೊಬ್ಬನೇ.

ಜನರನ್ನು ಆ ಕೊರಕಲಿನಲ್ಲಿ ಇಳಿಸಿ ಕೆಳಗಿನ ರಸ್ತೆಗೆ ಮುಟ್ಟಿಸುವುದು ನನ್ನ ಕಸುಬು. ಉಳಿದ ದಿನಗಳಲ್ಲಿ ಬರುವವರು ಬಂಡೆ, ನೀರು ನೋಡಲು ಬರುತ್ತಾರೆ. ಈಸ್ಟರಿಗೆ ಮುಂಚಿನ ತಪಸ್ಸುಕಾಲದ ಒಂದು ಶುಕ್ರವಾರ ಮಾತ್ರ ಕಡಬ, ಸುಳ್ಯ, ಪುತ್ತೂರಿನ ಚರ್ಚುಗಳಿಂದ ಸುಮಾರು ನಲವತ್ತು ಜನ ಪ್ರಾರ್ಥನೆಗೆಂದೇ ಬರುತ್ತಾರೆ. ಶಿಲುಬೆ ಹೊತ್ತ ಕ್ರಿಸ್ತನು ಮೊದಲ ಸಲ ಬಿದ್ದುದನ್ನು ನೆನೆಯಲು ನೀರು ಮೊದಲು ಧುಮುಕುವ ಜಾಗವನ್ನು ಆರಿಸಿದ್ದೆ. ತಾಯಿ ಎದುರಾದುದನ್ನು ನೆನೆಯಲು ಎರಡು ತೋಡು ಸೇರುವ ಮರಳಿನ ದಿಣ್ಣೆ. ಎಂಟರಿಂದ ಹತ್ತನೆಯ ಸ್ಥಳದವರೆಗೆ ಕೊರಕಲು ತೀರ ಕಿರಿದಾಗುತ್ತದೆ. ತಲೆಯ ಮೇಲೆ ಉಳಿಯುವುದು ಒಂದು ಪಟ್ಟಿಯಷ್ಟು ಆಕಾಶ. ಅಲ್ಲಿ ಯಾರೂ ಮಂಡಿಯೂರಬಾರದು, ನಡೆಯುತ್ತಲೇ ಜಪಿಸಬೇಕು ಎಂಬುದು ನಾನು ಮಾಡಿದ ನಿಯಮ. ಇದರಿಂದ ಭಕ್ತಿ ಕಡಿಮೆಯಾಗುತ್ತದೆ ಎಂದು ದೂರಿದವರಿದ್ದರು. ಭಕ್ತಿಗೆ ಬೇರೆ ಜಾಗ ಉಂಟು, ನೀರಿಗೆ ಇರುವುದು ಇದೊಂದೇ ದಾರಿ ಎಂದು ಉತ್ತರಿಸಿದ್ದೆ.

ನನಗೆ ಹಾಡುವ ಕಂಠವಿಲ್ಲ. ಪ್ರತಿ ಸ್ಥಳದಲ್ಲಿ ಒಂದು ಕಡ್ಡಿಯ ಸಿಪ್ಪೆ ಸುಲಿದು ನೀರಿನ ಅಂಚಿನಲ್ಲಿ ಊರುತ್ತೇನೆ. ಬಿಳಿಯ ಕಡ್ಡಿಯ ಮೇಲೆ ಒದ್ದೆಯ ಗುರುತು ಏರಿದರೆ ಮಡಿಕೇರಿ ಕಡೆ ಎಲ್ಲಿಯೋ ಮಳೆ ಬಿದ್ದಿದೆ ಎಂದರ್ಥ. ತಲೆಯ ಮೇಲೆ ಬಿಸಿಲಿದ್ದರೂ ಮೇಲೆ ಹತ್ತಬೇಕು. ಉಳಿದವರು ಕಣ್ಣು ಮುಚ್ಚಿ ಪ್ರಾರ್ಥಿಸುವಾಗ ನಾನು ಆ ಕಡ್ಡಿಯನ್ನು ನೋಡುತ್ತಿರುತ್ತೇನೆ. ನನ್ನ ಪ್ರಾರ್ಥನೆ ಅದೇ. ದೇವರು ನಮ್ಮನ್ನು ಕಾಯುವುದೂ ಹೀಗೆ, ಸದ್ದಿಲ್ಲದೆ, ಹೊಗಳಿಸಿಕೊಳ್ಳದೆ ಇರಬೇಕೆಂದು ನಂಬಿದ್ದೆ. ಆದರೆ ದೇವರಿಗೆ ಇನ್ನೊಬ್ಬ ಗೈಡಿನ ಜತೆ ಹೋಲಿಕೆ ಇಲ್ಲ. ನನಗೆ ಇತ್ತು.

ಅವನು ನಮ್ಮ ಚರ್ಚಿನವನೇ, ನನಗಿಂತ ಹದಿನೈದು ವರ್ಷ ಚಿಕ್ಕವನು. ದಾರಿ ಕಲಿಸಿದವನು ನಾನು. ಅವನಿಗೆ ಹಾಡಲು ಬರುತ್ತದೆ, ಜನರನ್ನು ನಗಿಸಲು ಬರುತ್ತದೆ, ಬಾಯಿಗೆ ಬಂದಂತೆ ಪ್ರಾರ್ಥಿಸಿದರೂ ಅದು ಬರೆದಿಟ್ಟಷ್ಟು ಚೆಂದವಾಗಿರುತ್ತದೆ. ಮೂರು ವರ್ಷಗಳ ಹಿಂದೆ ಊಟದ ಹೊತ್ತಿಗೆ ನಾನು ಜನರನ್ನು ಎಣಿಸುತ್ತಿದ್ದಾಗ ಅವನು ಎಲ್ಲರಿಗೂ ಕೇಳುವಂತೆ ಹೇಳಿದ: "ನಮ್ಮ ಚೇಟ ಸ್ವರ್ಗದ ಬಾಗಿಲಲ್ಲಿಯೂ ತಲೆ ಎಣಿಸಿಯೇ ಒಳಗೆ ಬಿಡುದು." ಚೇಟ ಎಂದರೆ ನಮ್ಮ ಮಲಯಾಳ ಮನೆಮಾತಿನಲ್ಲಿ ಅಣ್ಣ. ಎಲ್ಲರೂ ನಕ್ಕರು. ನಗದೆ ಇದ್ದವರು ಇಬ್ಬರು. ಅವರಲ್ಲಿ ಒಬ್ಬರಿಗೆ ಕಿವಿ ಕೇಳುತ್ತಿರಲಿಲ್ಲ.

ಈ ವರ್ಷ ತಪಸ್ಸುಕಾಲ ಶುರುವಾದ ವಾರವೇ ಫಾದರ್ ನನ್ನನ್ನು ಕಚೇರಿಗೆ ಕರೆದರು. ಕೂರಲು ಹೇಳಿದರು, ಚಹಾ ತರಿಸಿದರು. ಚಹಾ ಬಂದಾಗಲೇ ನನಗೆ ಸಂಶಯವಾಯಿತು.

"ಈ ಸಲ ಮುಂದೆ ನಿಮ್ಮ ಶಿಷ್ಯ ಇದ್ದಾರಲ್ಲ, ಅವರು ಹೋಗಲಿ, ಆಯ್ತಾ. ಪುತ್ತೂರಿನವರು ಅವರನ್ನೇ ಕೇಳ್ತಾ ಇದ್ದಾರೆ. ನೀವು ಹಿಂದಿನಿಂದ ಬಂದರೆ ಸಾಕು."

ಹಿಂದಿನಿಂದ ಬಂದರೆ ಸಾಕು. ಮೇಲಿನಿಂದ ಕೆಳಕ್ಕೆ ಇಳಿಯುವ ಆ ದಾರಿಯಲ್ಲಿ ನೀರಿನ ಸುದ್ದಿ ಮೊದಲು ಮುಟ್ಟುವುದು ಹಿಂದಿನವನಿಗೆ. ಅದು ಅತ್ಯಂತ ಹೊಣೆಯ ಜಾಗ. ಇದನ್ನು ನಾನೇ ಹತ್ತಾರು ಜನರಿಗೆ ಕಲಿಸಿದ್ದೇನೆ. ಆದರೂ ಆ ದಿನ ನನಗೆ ಕೇಳಿಸಿದ್ದು 'ಸಾಕು' ಎಂಬ ಒಂದೇ ಪದ. ಚಹಾವನ್ನು ಅರ್ಧಕ್ಕೇ ಬಿಟ್ಟು ಎದ್ದೆ.

ನಡಿಗೆಯ ದಿನ ಅವನು ಮುಂದೆ, ನಾನು ಕೊನೆಗೆ. ತಾಯಿ ಎದುರಾಗುವ ಸ್ಥಳದಲ್ಲಿ ಅವನು ಮೆಲ್ಲಗೆ ಹಾಡಿದಾಗ ಪುತ್ತೂರಿನ ಒಬ್ಬ ಹೆಂಗಸು ಮರಳಿನಲ್ಲಿ ಕುಳಿತು ಅತ್ತರು. ಮಂಡಿನೋವಿನವರು, ನನ್ನ ವಯಸ್ಸಿನವರು. ನಾನು ನಡೆಸಿದ ಇಷ್ಟು ವರ್ಷಗಳಲ್ಲಿ ಅಲ್ಲಿ ಯಾರೂ ಅತ್ತಿರಲಿಲ್ಲ. ಏಳಲು ಕೈ ಕೊಟ್ಟೆ. ಅವರು ಕಣ್ಣೊರೆಸಿಕೊಂಡು ಕೇಳಿದರು: "ನೀವೂ ಗೈಡಾ?"

ಹೌದು ಎಂದೆ.

ಒಂಬತ್ತನೆಯ ಸ್ಥಳಕ್ಕೆ ಬಂದಾಗ ಅವನು ನಿಂತ. ಕ್ರಿಸ್ತನು ಮೂರನೆಯ ಸಲ ಬಿದ್ದ ಸ್ಥಳ ಅದು, ಕೊರಕಲಿನ ಅತಿ ಕಿರಿದಾದ ಜಾಗ. ಬಂಡೆಗಳ ನಡುವೆ ದನಿ ಅಲ್ಲಿ ಚೆನ್ನಾಗಿ ಮೊಳಗುತ್ತದೆ. ಅವನು ನಿಂತದ್ದು ಅದಕ್ಕಾಗಿಯೇ. ಎಲ್ಲರನ್ನೂ ಮಂಡಿಯೂರಲು ಹೇಳಿ ಹಾಡಲು ತೊಡಗಿದ. ನನ್ನ ನಿಯಮವನ್ನು ನನ್ನ ಕಣ್ಣೆದುರೇ ಮುರಿದಿದ್ದ, ಜನ ಅದನ್ನು ಭಕ್ತಿ ಎಂದುಕೊಂಡಿದ್ದರು.

ನಾನು ಕಡ್ಡಿ ಊರಿದೆ. ಎರಡನೆಯ ಚರಣ ಮುಗಿಯುವಷ್ಟರಲ್ಲಿ ಒದ್ದೆಯ ಗುರುತು ಒಂದು ಬೆರಳಿನಷ್ಟು ಏರಿತ್ತು. ಮೇಲಿನಿಂದ ತರಗೆಲೆಗಳೂ ಹಳದಿ ನೊರೆಯೂ ಬರುತ್ತಿದ್ದವು. ಅನುಮಾನಕ್ಕೆ ಎಡೆಯೇ ಇರಲಿಲ್ಲ. ನಾನು ಆಗಲೇ ಕೂಗಬೇಕಿತ್ತು.

ಕೂಗಲಿಲ್ಲ. ಗಾಬರಿಯಿಂದಲ್ಲ, ಮರೆವಿನಿಂದಲೂ ಅಲ್ಲ. ಇನ್ನು ಸ್ವಲ್ಪ ಏರಲಿ, ಎಲ್ಲರ ಮಂಡಿ ಒದ್ದೆಯಾಗಲಿ, ಆ ಕಂಠ ಹಾಡಿನ ನಡುವೆ ಕಟ್ಟಿಕೊಳ್ಳಲಿ, ಯಾರು ಗೈಡು ಎಂಬುದನ್ನು ಪುತ್ತೂರಿನವರೂ ನೋಡಲಿ ಎಂದು ಕಾದೆ. ಕ್ರಿಸ್ತನು ಬಿದ್ದ ಸ್ಥಳದಲ್ಲಿ ನಿಂತು ಇನ್ನೊಬ್ಬನು ಬೀಳುವುದನ್ನು ಕಾದೆ. ನಾಲ್ಕನೆಯ ಚರಣದಲ್ಲಿ ಗುರುತು ಕಾಣಿಸುತ್ತಿರಲಿಲ್ಲ; ಐದನೆಯದು ಮುಗಿಯುವಾಗ ಕಡ್ಡಿಯೇ ಇರಲಿಲ್ಲ. ಆಗ ಕೂಗಿದೆ.

ಹಾಡು ನಿಂತಿತು. ಅವನು ನನ್ನನ್ನು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. "ಚೇಟ ಹೇಳಿದ ಮೇಲೆ ಮುಗೀತು. ಎಡಕ್ಕೆ ಹತ್ತಿ, ಚಪ್ಪಲಿ ಬಿಡಿ, ಕೈ ಹಿಡೀರಿ" ಎಂದ. ಎಡಗಡೆಯ ಬಂಡೆಯ ಮೇಲೆ ನಲವತ್ತು ಜನ ಕೂರುವಷ್ಟು ಜಾಗವಿದೆ. ಅದನ್ನೂ ನಾನೇ ಅವನಿಗೆ ತೋರಿಸಿಕೊಟ್ಟಿದ್ದೆ. ಕೊನೆಗೆ ಉಳಿದವರು ಆ ಹೆಂಗಸು. ಮಡಚಿದ ಮಂಡಿ ಬಿಡಿಸಿ ಏಳಲು ಅವರಿಗೆ ಆಗಲಿಲ್ಲ. ನಾವಿಬ್ಬರೂ ಎರಡು ಕಡೆ ಹಿಡಿದು ಎತ್ತುವಾಗ ನೀರು ತೊಡೆಯವರೆಗೆ ಬಂದಿತ್ತು. ಬಂಡೆಗೆ ಉಜ್ಜಿ ಅವರ ಮುಂಗೈಯ ಚರ್ಮ ಉದ್ದಕ್ಕೂ ಸುಲಿದಿತ್ತು. ಅದಕ್ಕೆ ಬಟ್ಟೆ ಕಟ್ಟಿದವನು ನಾನೇ. ಅವರು ಎರಡು ಸಲ ನನ್ನ ಉಪಕಾರ ನೆನೆದರು.

ಕೆಳಗೆ ಕೆಂಪು ನೀರು ಬೊಬ್ಬಿಡುತ್ತಿತ್ತು. ಉಳಿದ ಐದು ಸ್ಥಳಗಳನ್ನು ಆ ಬಂಡೆಯ ಮೇಲೆಯೇ ಮುಗಿಸೋಣ, ಚೇಟನೇ ನಡೆಸಿಕೊಡಲಿ ಎಂದು ಅವನು ಎಲ್ಲರೆದುರು ಹೇಳಿದ. ನಾನು ಬಯಸಿದ್ದು ಅದೇ ಅಲ್ಲವೇ. ಒರಟು ದನಿಯಲ್ಲಿ ಓದಿದೆ. ಇಬ್ಬರು ಮೂವರು ಅತ್ತರು ಕೂಡ. ಆ ಅಳು ನನಗೆ ಬೇಡವಾಗಿತ್ತು.

ನೀರು ಇಳಿಯುವುದನ್ನು ಕಾಯುತ್ತಿದ್ದಾಗ ಅವನು ಪಕ್ಕದಲ್ಲಿ ಬಂದು ಕುಳಿತ.

"ಯಾವಾಗ ಕಂಡಿರಿ?"

"ಎರಡನೇ ಚರಣದಲ್ಲಿ."

ಅವನು ಪಂಚೆಯ ಅಂಚನ್ನು ಹಿಂಡಿದ. "ನಾನು ಐದು ಹಾಡಿದೆ" ಎಂದ. ಎದ್ದು ಹೋಗಿ ಜನರಿಗೆ ಬಾಳೆಹಣ್ಣು ಹಂಚಿದ. ನನಗೂ ಕೊಟ್ಟ.

ಮುಂದಿನ ಭಾನುವಾರ ಪೂಜೆಯ ಕೊನೆಯಲ್ಲಿ ಫಾದರ್ ನನ್ನನ್ನು ಹೊಗಳಿದರು. ಇನ್ನು ಮೇಲೆ ಪ್ರತಿ ವರ್ಷವೂ ಮುಂದೆ ನಾನೇ ಎಂದು ಘೋಷಿಸಿದರು. ಅವನು ಎಲ್ಲರ ಜತೆ ಚಪ್ಪಾಳೆ ತಟ್ಟಿದ. ನಾನು ಬೇಕೆಂದೇ ಕಾದದ್ದನ್ನು ಅವನು ಫಾದರಿಗೆ ಒಂದು ಮಾತು ಹೇಳಿದ್ದರೆ ಸಾಕಿತ್ತು, ಹೇಳಿರಲಿಲ್ಲ. ಅದನ್ನು ಸಹಿಸುವುದು ನನಗೆ ಅವನ ಹಾಡನ್ನು ಸಹಿಸುವುದಕ್ಕಿಂತ ಕಷ್ಟವಾಯಿತು.

ಸೋಮವಾರ ಬೆಳಿಗ್ಗೆ ಫಾದರ್ ಬಳಿಗೆ ಹೋದೆ. ಪಾಪನಿವೇದನೆಯ ಪೀಠದಲ್ಲಿ ಹೇಳಿದರೆ ಮಾತು ಅಲ್ಲಿಯೇ ಮುಚ್ಚಿಹೋಗುತ್ತದೆ, ಅದರ ಆಧಾರದ ಮೇಲೆ ಅವರು ಏನನ್ನೂ ಬದಲಿಸುವಂತಿಲ್ಲ. ಆದ್ದರಿಂದ ಕಚೇರಿಯ ಮೇಜಿನೆದುರು ನಿಂತು, ಚರಣಗಳ ಲೆಕ್ಕ ಸಹಿತ ಎಲ್ಲವನ್ನೂ ಹೇಳಿದೆ. ಅವರು ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರು. ಈ ಸಲ ಚಹಾ ತರಿಸಲಿಲ್ಲ. ಅವನನ್ನು ಕರೆಸಿದರು. ಮುಂದೆ ಅವನೇ ಹೋಗಲಿ, ಹಿಂದೆ ನಂಬಿಕೆಯ ಬೇರೊಬ್ಬನನ್ನು ಇರಿಸೋಣ ಎಂದರು. ನಾನು ಒಪ್ಪಿ ತಲೆಯಾಡಿಸಿದೆ.

"ಬೇರೆಯವರು ಬೇಡ ಫಾದರ್," ಎಂದ ಅವನು. "ಹಿಂದೆ ಇವರೇ ಬರಬೇಕು. ನೀರು ನೋಡ್ಲಿಕ್ಕೆ ಇವರಷ್ಟು ಯಾರಿಗೂ ಗೊತ್ತಿಲ್ಲ. ಕಿರಿದಾದ ಜಾಗದಲ್ಲಿ ಇನ್ನು ನಿಲ್ಲುದಿಲ್ಲ ನಾನು. ತಪ್ಪು ನನ್ನದೂ ಉಂಟು."

ಹೊರಗೆ ಬಂದ ಮೇಲೆ ಸ್ಕೂಟರಿನ ಡಿಕ್ಕಿ ತೆರೆದು ಒಂದು ಪ್ಲಾಸ್ಟಿಕ್ ಸೀಟಿ ಕೊಟ್ಟ, ಶಾಲೆಯ ಆಟದ ಮಾಸ್ತರರ ಕೊರಳಲ್ಲಿ ಇರುವಂಥದ್ದು, ಕೆಂಪು ದಾರದ್ದು. ಕೂಗುವುದಕ್ಕಿಂತ ಊದುವುದು ಸುಲಭ ಎಂದ. ಅದು ಕ್ಷಮೆಯೋ, ಚುಚ್ಚುಮಾತೋ ನನಗೆ ಇನ್ನೂ ತಿಳಿದಿಲ್ಲ. ಆ ಕೊರಕಲಿನಲ್ಲಿ ಅವನಿಗೆ ಹೆಜ್ಜೆ ಇಡಲು ಕಲಿಸಿದವನು ನಾನು. ನನ್ನ ಕೈಗೆ ಸೀಟಿ ಕೊಟ್ಟವನು ಅವನು. ಅವಮಾನವಾಯಿತು. ಕೊರಳಿಗೆ ಹಾಕಿಕೊಂಡೆ.