ಎರಡೂವರೆ ಕೇಜಿಯ ಮಕ್ಕಳು

ಅವರ ಬಲಗೈ ಕಿರುಬೆರಳಿನ ಉಗುರು ಅರ್ಧ ಇಂಚು ಉದ್ದವಿತ್ತು, ತುದಿಯಲ್ಲಿ ಸದಾ ನೀಲಿ ಶಾಯಿ. ಗ್ರಾಫ್ ಹಾಳೆಯ ಮೇಲೆ ಆ ಉಗುರನ್ನು ಎಡದಿಂದ ಬಲಕ್ಕೆ ಎಳೆಯುತ್ತಾ ಗುಡ್ಡ ಹತ್ತಿಸಿ ಇಳಿಸುತ್ತಿದ್ದರು. ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಹೇಳುತ್ತಿದ್ದ ಈ ಮೇಷ್ಟ್ರು ನಂಜನಗೂಡಿನಲ್ಲಿ ನನ್ನ ಮನೆ ಮಾಲೀಕರು. ತೊಂಬತ್ತರ ದಶಕದ ನಡುವೆ ಅವರ ಹಿತ್ತಲ ಕೋಣೆಯಲ್ಲಿ ಬಾಡಿಗೆಗಿದ್ದೆ. ದಿನಾ ಬಸ್ಸು ಹತ್ತಿ ಟಿ. ನರಸೀಪುರದ ಕಡೆಯ ಒಂದು ಹಳ್ಳಿಗೆ ನರ್ಸ್ ಕೆಲಸಕ್ಕೆ ಹೋಗುತ್ತಿದ್ದೆ, ಜೊತೆಗೆ ಡಿಗ್ರಿ ಪರೀಕ್ಷೆಗೂ ಕಟ್ಟಿದ್ದೆ. ಸಂಖ್ಯಾಶಾಸ್ತ್ರದ ಪೇಪರು ಮಾತ್ರ ತಲೆಗೆ ಹತ್ತುತ್ತಿರಲಿಲ್ಲ.

ಮೇಷ್ಟ್ರು ಮಾರ್ಕೆಟ್ಟಿನಲ್ಲಿ ಟೇಪು ಹಿಡಿದು ರಸಬಾಳೆ ಅಳೆಯುತ್ತಿದ್ದರು. "ತಗೊಳ್ಳೋದಾದ್ರೆ ತಗೊಳ್ಳಿ ಸಾ, ಅದಕ್ಕೇನು ಅಂಗಿ ಹೊಲಿಸ್ತೀರಾ?" ಎಂದು ಹಣ್ಣಿನವಳು ರೇಗಿಸಿದರೂ ಬಿಡುತ್ತಿರಲಿಲ್ಲ. ಸಂಜೆ ಜಗುಲಿಯಲ್ಲಿ ನನಗೆ ಪಾಠ ಹೇಳುವಾಗ ಆ ಅಳತೆಗಳೆಲ್ಲ ಗ್ರಾಫ್ ಹಾಳೆಯ ಚುಕ್ಕಿಗಳಾಗುತ್ತಿದ್ದವು. "ನಡುವೆ ಗುಂಪು ಜಾಸ್ತಿ, ಎರಡೂ ಕಡೆ ಸಮವಾಗಿ ಇಳೀತಾ ಹೋಗಬೇಕು, ತುದೀಲಿ ಒಂದೋ ಎರಡೋ. ಆಗ ಅದು ನಾರ್ಮಲ್ ಹಂಚಿಕೆ ಇರಬಹುದು ಅನ್ನು. ಎರಡು ಗುಡ್ಡ ಕಂಡರೆ ಎರಡು ತೋಟದ ಹಣ್ಣು ಬೆರೆತಿರಬಹುದು. ಸೂತ್ರ ಆಮೇಲೆ, ಮೊದಲು ಕಣ್ಣಿಟ್ಟು ನೋಡು" ಅನ್ನುತ್ತಿದ್ದರು.

ಒಂದು ಭಾನುವಾರ, ನಿನ್ನ ಕಸುಬಿನದೇ ಒಂದಿನ್ನೂರು ಅಳತೆ ತಾ ಎಂದರು. ಹೆರಿಗೆ ರಿಜಿಸ್ಟರಿನಿಂದ ಕೂಸುಗಳ ತೂಕ ಬರೆದು ತಂದೆ. ಚೆಂದದ ಗುಡ್ಡ ಬರುತ್ತದೆಂಬ ಹುಮ್ಮಸ್ಸು ನನಗೆ. ಚುಕ್ಕಿ ಇಟ್ಟು ಮುಗಿಸಿದಾಗ ಬಲಗಡೆಯ ಇಳಿಜಾರು ಸರಿಯಾಗಿಯೇ ಇತ್ತು. ಎಡಗಡೆ ಎರಡೂವರೆ ಕೇಜಿಯ ಮೇಲೆ ಕಂಬದ ಹಾಗೆ ಚುಕ್ಕಿ, ಅದರಾಚೆ ಖಾಲಿ.

"ಅರ್ಧ ಕೇಜಿಗೆ ರೌಂಡ್ ಮಾಡಿದ್ದೀಯಾ?"

"ಹೌದು ಸಾರ್, ಮುಳ್ಳು ಅಲ್ಲಾಡ್ತಾ ಇರುತ್ತೆ."

"ಹಾಗಿದ್ರೆ ಮೂರರ ಹತ್ರಾನೂ ಹೀಗೇ ಕಂಬ ಇರಬೇಕಿತ್ತಲ್ಲ?" ಉಗುರು ಆ ಖಾಲಿ ಜಾಗದಲ್ಲಿ ನಿಂತಿತು. "ಇಲ್ಲಿರಬೇಕಾದ ಮಕ್ಕಳು ಎಲ್ಲಿ ಹೋದರಮ್ಮ?"

ಎರಡೂವರೆಗಿಂತ ಕಮ್ಮಿ ಅಂದರೆ ಅಪಾಯದ ತೂಕ; ಹಾಗೆ ಬರೆದರೆ ಮೀಟಿಂಗಿನಲ್ಲಿ ಮೇಲಿನವರಿಗೆ ಉತ್ತರ ಕೊಡಬೇಕು, ಆ ಮನೆಗೆ ಮತ್ತೆ ಮತ್ತೆ ಹೋಗಬೇಕು. ಅದಕ್ಕೇ ಏರಿಸಿ ಬರೆಯುತ್ತಿದ್ದೆ ಎಂದು ಒಪ್ಪಿಕೊಂಡೆ. ಯಾರಿಗೂ ಹೇಳದ್ದನ್ನೂ ಹೇಳಿದೆ. ಒಂದು ಹೆಣ್ಣುಕೂಸನ್ನು ತೂಗಿದಾಗ ಮುಳ್ಳು ಎರಡನ್ನು ದಾಟಿ ಒಂದಿಷ್ಟೇ ಮುಂದೆ ಹೋಗಿತ್ತು. ನಾನು ಎರಡೂವರೆ ಬರೆದೆ, ಮತ್ತೆ ಹೋಗಿ ನೋಡಲಿಲ್ಲ. ಏಳನೆಯ ದಿನ ಕೂಸು ಹೋಯಿತು.

ಮೇಷ್ಟ್ರು ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು. ಮಾರನೆಯ ದಿನ ಕಾಲೇಜಿಗೆ ರಜೆ ಹಾಕಿ ನನ್ನ ಜೊತೆ ಬಸ್ಸು ಹತ್ತಿದರು. ತಕ್ಕಡಿಯ ಚೀಲ ಹೊತ್ತು ಮನೆಮನೆಗೆ ಬಂದರು. ಹೊಸದಾಗಿ ಹುಟ್ಟಿದವರನ್ನೆಲ್ಲ ಮತ್ತೆ ತೂಗಿ, ಇಬ್ಬರನ್ನು ಅವತ್ತೇ ಮೈಸೂರಿನ ಆಸ್ಪತ್ರೆಗೆ ಕಳಿಸಿದೆವು. ಇಬ್ಬರೂ ಉಳಿದರು.

ಕೊನೆಗೆ ಕೂಸು ಕಳೆದುಕೊಂಡವಳ ಮನೆ. ಅವಳು ಮಜ್ಜಿಗೆ ಕೊಟ್ಟು, "ತೂಕ ಚೆಂದಾಗದೆ ಅಂದಿದ್ರಲ್ಲ ನರ್ಸಮ್ಮ, ನಾನೇ ಸರ್ಯಾಗಿ ಆಲು ಕುಡಿಸ್ನಿಲ್ವೇನೋ" ಅಂದಳು. ನಾನು ತಲೆ ತಗ್ಗಿಸಿ ಮಜ್ಜಿಗೆ ಕುಡಿದೆ.

ಬಸ್ ಸ್ಟಾಪಿನಲ್ಲಿ ಮೇಷ್ಟ್ರು ಕೇಳಿದರು: "ಅವಳು ತನ್ನದೇ ತಪ್ಪು ಅಂದ್ಕೊಂಡಿದ್ದಾಳೆ. ಹೇಳ್ತೀಯಾ?"

"ಹೇಳ್ತೀನಿ ಸಾರ್, ಇನ್ನೊಂದ್ಸಲ."

ಆ ಇನ್ನೊಂದು ಸಲ ಬರಲೇ ಇಲ್ಲ. ಪಾಸಾದೆ, ಬೇರೆ ಊರಿಗೆ ವರ್ಗವಾಯಿತು. ರಿಜಿಸ್ಟರಿನಲ್ಲಿ ಮತ್ತೆಂದೂ ಸುಳ್ಳು ಬರೆಯಲಿಲ್ಲ. ಆದರೂ ಸ್ಕೂಲಿಗೆ ಹೋಗುವ ಹುಡುಗಿಯರನ್ನು ಕಂಡರೆ, ಆ ಕೂಸು ಇದ್ದಿದ್ದರೆ ಈಗ ಇಷ್ಟೆತ್ತರ ಎಂದು ಮನಸ್ಸು ಅಳೆಯುತ್ತಿತ್ತು. ಆ ಹಳ್ಳಿಯ ಬೋರ್ಡಿನ ಬಸ್ಸು ಬಂದರೆ ಮುಖ ತಿರುಗಿಸುತ್ತಿದ್ದೆ.

ಎರಡು ಸಾವಿರದ ಇಸವಿ ಕಳೆದ ಮೇಲೆ ಮೇಷ್ಟ್ರಿಗೆ ಲಕ್ವ ಹೊಡೆಯಿತು. ನೋಡಲು ಹೋದೆ. ತೊದಲುತ್ತಾ "ಹೇಳಿದೆಯಾ?" ಅಂದರು. ಏನು ಎಂದು ಕೇಳಬೇಕಿರಲಿಲ್ಲ. "ಹೇಳ್ದೆ ಸಾರ್" ಎಂದುಬಿಟ್ಟೆ. ಅವರು ಸಮಾಧಾನದಿಂದ ಕಣ್ಣು ಮುಚ್ಚಿಕೊಂಡರು. ಮೂರನೆಯ ದಿನ ತೀರಿಕೊಂಡರು.

ಹೋಗುವವರ ಕೈಗೆ ಸುಳ್ಳು ಕೊಟ್ಟು ಕಳಿಸಿದೆನಲ್ಲ ಎಂಬ ಸಂಕಟ ನನ್ನನ್ನು ಕೂರಲು ಬಿಡಲಿಲ್ಲ. ಮಣ್ಣು ಮುಗಿಸಿಕೊಂಡು ನೆಟ್ಟಗೆ ಆ ಹಳ್ಳಿಗೆ ಹೋದೆ. ಆ ತಾಯಿ ಮೊರದಲ್ಲಿ ಅವರೆಕಾಳು ಆರಿಸುತ್ತಿದ್ದಳು. ಎಲ್ಲ ಹೇಳಿದೆ. ಅವಳು ಒಂದೇ ಮಾತು ಕೇಳಿದಳು.

"ದಿಟವಾಗ್ಲೂ ಎಷ್ಟಿತ್ತು ನರ್ಸಮ್ಮ?"

"ಎರಡು ಕೇಜಿ ನೂರು ಗ್ರಾಂ."

"ಎರಡು ಕೇಜಿ ನೂರು ಗ್ರಾಂ" ಅಂದಳು. ಮೊರ ಕೆಳಗಿಟ್ಟು, ತೊಡೆಯ ಮೇಲೆ ಎರಡೂ ಅಂಗೈ ಬಿಚ್ಚಿ, ಅಷ್ಟು ಭಾರ ಎಷ್ಟಿದ್ದೀತು ಎಂದು ನೋಡುವವಳ ಹಾಗೆ ಕೂತಳು.