ಅಕ್ಕ, ನಾನು ಮತ್ತು ಪೂರ್ತಿಯಾಗದ ಹೊಲದ ಆಟ

ಹೋದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಅಕ್ಕ ತಾನಾಗಿಯೇ ಫೋನ್ ಮಾಡಿದಳು.

"ನಮ್ಮ ಹೊಲದ ಆಟದಂಥಾದ್ದು ಒಂದು ಹೊಸಾದು ಬಂದದಂತ. ನೋಡಿದಿ ಏನು?"

ನಾವಿಬ್ಬರೂ ಇರುವುದು ಪುಣೆಯಲ್ಲೇ. ಅವಳು ಹಡಪಸರದಲ್ಲಿ ಶಾಲಾ ಶಿಕ್ಷಕಿ, ನಾನು ಭೋಸರಿಯ ಕಾರ್ಖಾನೆಯೊಂದರ ಆಫೀಸಿನಲ್ಲಿದ್ದೇನೆ. ಆದರೂ ನಡುವಿನ ಟ್ರಾಫಿಕ್ ನೆನೆಸಿಕೊಂಡೇ ಭೇಟಿಯನ್ನು ಮುಂದಕ್ಕೆ ಹಾಕುತ್ತಿದ್ದೆವು. ಫೋನಿನ ಮಾತೂ ಅಮ್ಮನ ಬಿ.ಪಿ., ಮಕ್ಕಳ ಪರೀಕ್ಷೆಗೇ ಮುಗಿದುಹೋಗುತ್ತಿತ್ತು. ಆಟದ ಸುದ್ದಿ ಎತ್ತಿದ ಅಕ್ಕನ ದನಿ ಬೇರೆಯೇ ಆಗಿತ್ತು.

ಚಿಕ್ಕಂದಿನಲ್ಲಿ ನಾವು ಇದೇ ಊರಿನ ಧನಕವಡಿಯ ಬಾಡಿಗೆ ಮನೆಯಲ್ಲಿದ್ದಾಗ ಅಪ್ಪ ಒಂದು ಹಳೆಯ ಕಂಪ್ಯೂಟರ್ ತಂದಿದ್ದರು. ಅಕ್ಕ ನನ್ನನ್ನು ಕರೆದುಕೊಂಡು ಹೋಗಿ ಕಾತ್ರಜ್ ಕಡೆಯ ಸಿ.ಡಿ. ಅಂಗಡಿಯಲ್ಲಿ ಹೊಲದ ಆಟವನ್ನು ಆರಿಸಿದ್ದಳು. ಮನೆಗೆ ತಂದು ಹಾಕಿದರೆ ಓಡಲೇ ಇಲ್ಲ. ನಾನು ಅಳತೊಡಗಿದೆ. ಅಕ್ಕ ನನ್ನ ಕೈ ಹಿಡಿದು ಮತ್ತೆ ಅಂಗಡಿಗೆ ಎಳೆದುಕೊಂಡು ಹೋದಳು. ಅಂಗಡಿಯವನು ತನ್ನ ಕಂಪ್ಯೂಟರಿಗೆ ಹಾಕಿದ, ಚೆನ್ನಾಗಿಯೇ ಓಡಿತು. ನಿಮ್ಮ ಕಂಪ್ಯೂಟರಿಗೆ ಶಕ್ತಿ ಸಾಲದು, ಇವತ್ತು ಇಲ್ಲೇ ಕೂತು ಆಡಿ ಎಂದು ಮರಾಠಿಯಲ್ಲಿ ಹೇಳಿ ತನ್ನ ಕುರ್ಚಿಯನ್ನೇ ಬಿಟ್ಟುಕೊಟ್ಟ.

ಕೀಬೋರ್ಡಿನ ಎಡಭಾಗ ಅಕ್ಕನದು, ಬಲಭಾಗ ನನ್ನದು. ಅವಳು ಬಿತ್ತಬೇಕು, ನಾನು ನೀರು ಬಿಡಬೇಕು. ಸಂಜೆಯಾದದ್ದೇ ತಿಳಿಯಲಿಲ್ಲ. ಅಮ್ಮ ಗಾಬರಿಯಿಂದ ಹುಡುಕಿಕೊಂಡು ಬಂದಳು. ಬೈಯಲೆಂದು ಬಾಯಿ ತೆರೆದವಳು ಪರದೆಯ ಮೇಲಿನ ಬದನೆ ಗಿಡ ನೋಡಿ, "ಅದಕ್ಕ ನೀರು ಭಾಳ ಆಗೇದ, ಸಾಕು ಮಾಡು" ಎನ್ನುತ್ತ ಸ್ಟೂಲು ಎಳೆದುಕೊಂಡು ಕೂತುಬಿಟ್ಟಳು.

ಆಮೇಲೆ ಅಪ್ಪ ಕಂಪ್ಯೂಟರಿಗೆ ಹೊಸ ಭಾಗ ಹಾಕಿಸಿ ಶಕ್ತಿ ಹೆಚ್ಚಿಸಿದರು, ಆಟ ಮನೆಯಲ್ಲೂ ಓಡಿತು. ಅಕ್ಕನ ಮದುವೆಯಾಗುವ ತನಕ ಆ ಆಟ ನಮ್ಮಿಬ್ಬರದಾಗಿತ್ತು. ಈಗ ಆ ಅಂಗಡಿಯಿದ್ದಲ್ಲಿ ಮೊಬೈಲ್ ಕವರ್ ಮಾರುತ್ತಾರೆ.

ಹೊಸ ಆಟ ಇನ್ನೂ ಪೂರ್ತಿಯಾಗಿರಲಿಲ್ಲ. ಅರ್ಲಿ ಆಕ್ಸೆಸ್ ಅಂತ ಹೇಳಿ, ತಯಾರಾಗುತ್ತಿರುವಾಗಲೇ ಮಾರಾಟಕ್ಕೆ ಬಿಟ್ಟಿದ್ದರು.

"ಅರ್ಧಾ ಆಗಿದ್ದನ್ನ ಹ್ಯಾಂಗ ಮಾರ್ತಾರ?" ಅಕ್ಕ ಕೇಳಿದಳು.

"ನಾವು ಆಡಕೋತ ಹೋಗೋದು, ಅವರು ಮಾಡಕೋತ ಹೋಗೋದು."

ಇಂಟರ್ನೆಟ್ಟಿನ ಮೂರು ಅಂಗಡಿಗಳಲ್ಲಿ ಅದು ಸಿಗುತ್ತಿತ್ತು. ಒಂದರಲ್ಲಿ ಅಕ್ಕನ ಖಾತೆ ಮೊದಲೇ ಇತ್ತು, ಆದರೆ ಅಲ್ಲಿ ಆಡಿದವರ ಅಭಿಪ್ರಾಯ ಓದಲು ಸಿಗುತ್ತಿರಲಿಲ್ಲ. ಎರಡನೆಯದರಲ್ಲಿ ಕೊಂಡರೆ ಆಟ ನಮ್ಮ ಬಳಿಯೇ ಉಳಿಯುತ್ತದೆ, ಅಂಗಡಿ ಮುಚ್ಚಿದರೂ ಆಡಬಹುದು; ಹೊಸ ಅಪ್‌ಡೇಟ್ ಮಾತ್ರ ತಡವಾಗಿ ಬರುತ್ತದೆ. ಮೂರನೆಯದು ನಾನು ಬಳಸುವಂಥದ್ದು. ಅಲ್ಲಿ ಸ್ವಲ್ಪ ಆಡಿ ನೋಡಿ, ಬೇಡವೆನಿಸಿದರೆ ವಾಪಸ್ ಮಾಡಬಹುದಿತ್ತು. ದೂರದಲ್ಲಿದ್ದು ಜೊತೆಯಾಗಿ ಆಡಬೇಕೆಂದರೆ ಇಬ್ಬರೂ ಒಂದೇ ಅಂಗಡಿಯಲ್ಲಿ ಕೊಳ್ಳಬೇಕು. ವಾರವಿಡೀ ಇದೇ ಚರ್ಚೆ. ಅಮ್ಮನ ಬಿ.ಪಿ. ವಿಚಾರಿಸುವುದೂ ಮರೆತುಹೋಯಿತು.

ಕೊನೆಗೆ ಅಕ್ಕ ಅಂದಳು: "ನನ್ನ ಲ್ಯಾಪ್‌ಟಾಪ್ ಹಳೇದು. ಓಡಲಿಲ್ಲಂದ್ರ ತಿರುಗಿ ಕೊಡಾಕ ಬರಬೇಕು. ನಿನ್ನ ಅಂಗಡ್ಯಾಗೇ ತಗೊಳ್ಳೋಣು."

ಕೊಂಡೆವು. ನನ್ನ ಕಂಪ್ಯೂಟರಿನಲ್ಲಿ ಓಡಿತು. ಅವಳ ಲ್ಯಾಪ್‌ಟಾಪಿನಲ್ಲಿ ಪರದೆ ಕಪ್ಪಾಗಿ ನಿಂತುಬಿಟ್ಟಿತು. ಏನೇನೋ ಮಾಡಿ ನೋಡಿದ ಮೇಲೆ ವಾಪಸ್ ಮಾಡುವ ಬಟನ್ ಎಲ್ಲಿದೆಯೆಂದು ನಾನೇ ಫೋನಿನಲ್ಲಿ ಹೇಳಿಕೊಟ್ಟೆ. ಕೆಲಸ ಕ್ಷಣದಲ್ಲಿ ಮುಗಿಯಿತು. ಯಾಕೆ, ಏನು ಎಂದು ವಿಚಾರಿಸುವವರು ಯಾರೂ ಇರಲಿಲ್ಲ.

"ರವಿವಾರ ನಾನೇ ಬರ್ತೀನಿ ತಗೋ," ಎಂದಳು ಅಕ್ಕ.

ಬಂದಳು. ಬಸ್ಸು ಬದಲಿಸಿ, ಬೆವರು ಒರೆಸಿಕೊಳ್ಳುತ್ತ, ಶೇಂಗಾ ಚಟ್ನಿಯ ಡಬ್ಬಿ ಹಿಡಿದು. ಆಟ ನಿಜಕ್ಕೂ ಅರ್ಧಂಬರ್ಧವಾಗಿತ್ತು. ನಮ್ಮ ಕೋಳಿ ಹೊಟ್ಟೆಯವರೆಗೆ ಮಣ್ಣಿನಲ್ಲಿ ಹೂತುಕೊಂಡೇ ಅಂಗಳವೆಲ್ಲ ಓಡಾಡುತ್ತಿತ್ತು. ಅಕ್ಕ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಅವಳು ಹಾಗೆ ನಕ್ಕದ್ದನ್ನು ನೋಡಿ ಎಷ್ಟೋ ವರ್ಷಗಳಾಗಿದ್ದವು.

ಮುಂದಿನ ಅಪ್‌ಡೇಟ್ ಬಂದಾಗಲೂ ಬಂದಳು. ಅಷ್ಟರಲ್ಲಿ ಕೋಳಿ ಸರಿಹೋಗಿ ನೆಲದ ಮೇಲೆಯೇ ನಡೆಯುತ್ತಿತ್ತು.

"ಅಯ್ಯ, ಅದನ್ಯಾಕ ಸರಿ ಮಾಡಿದರು ಇವರು?" ಎಂದು ಗೊಣಗಿದಳು.