ಬೊಂಬೆಗಳಿಗೆ ಬಾಯಿ ಬಂದದ್ದು

ನಮ್ಮ ಬಟ್ಟೆ ಅಂಗಡಿಯ ಗಾಜಿನ ಹಿಂದೆ ನಿಲ್ಲುವ ಬೊಂಬೆಗಳಿಗೆ ಉಡುಪು ತೊಡಿಸುವುದು ಅವಳ ಕೆಲಸ. ಎಲ್ಲರಿಗೂ ಅವಳು ಬೊಂಬೆ ಅಕ್ಕ. ತೋಳು ಕಳಚಿ, ಅಂಗಿ ತೂರಿಸಿ, ಮತ್ತೆ ತೋಳು ತಿರುಗಿಸಿ ಕೂರಿಸುತ್ತ ಬೊಂಬೆಗಳ ಪರವಾಗಿ ತಾನೇ ಮಾತಾಡುತ್ತಿದ್ದಳು. ಬೋಳುತಲೆಯ ಗಂಡು ಬೊಂಬೆಗೆ ಗೊಗ್ಗರು ದನಿ, ಮೂಗು ಮುಕ್ಕಾದ ಹೆಣ್ಣು ಬೊಂಬೆಗೆ ಸಿಡುಕು ದನಿ.

ಒಂದು ಬೆಳಿಗ್ಗೆ ಅಂಗಡಿ ತೆರೆಯುವ ಮುನ್ನ ಅದನ್ನೇ ರೀಲ್ ಮಾಡಿ ಹಾಕಿದಳು.

"ಏನ್ರೀ, ಈ ಕೋಟಲ್ಲಿ ಮದುಮಗನ ಥರ ಕಾಣ್ತೀರ!"

"ಸುಮ್ನಿರೇ, ಬೆನ್ನ ತುಂಬಾ ಪಿನ್ನು. ತಿರುಗಿದ್ರೆ ಮಾನ ಹೋಗುತ್ತೆ."

ಜನ ಬಿದ್ದು ಬಿದ್ದು ನಕ್ಕರು. ಅಕ್ಕನಿಗೆ ಹುರುಪು ಬಂತು. ನಮ್ಮಲ್ಲಿ ಕುರ್ಚಿ ಇದ್ದದ್ದು ಗಿರಾಕಿಗಳಿಗೆ, ಮಾಲೀಕರಿಗೆ ಮಾತ್ರ. ಮಾರುವ ನಾವು ದಿನವಿಡೀ ನಿಂತೇ ಇರಬೇಕು. ಮುಂದಿನ ರೀಲ್‌ನಲ್ಲಿ ಮುಕ್ಕು ಮೂಗಿನವಳು ಕೇಳಿದಳು: "ನಮ್ಮ ಕಾಲು ಪ್ಲಾಸ್ಟಿಕ್ಕು, ನೋಯಲ್ಲ. ಈ ಹುಡುಗೀರ ಕಾಲು ಯಾತರದ್ದು?"

ಅದು ಫೋನಿಂದ ಫೋನಿಗೆ ಹಾರಿ ಮಾಲೀಕರನ್ನೂ ತಲುಪಿತು.

"ಅಳಿಸಿ ಹಾಕಮ್ಮ ಅದನ್ನ! ಬೊಂಬೆ ನಂದು."

"ಬೊಂಬೆ ನಿಮ್ಮದೇ ಸಾರ್. ಮಾತು ನಂದು."

ಅವಳನ್ನು ಗೋಡೌನಿಗೆ ದಬ್ಬಿದರು. ಮನೆಯಲ್ಲೂ ನೆಮ್ಮದಿಯಿಲ್ಲ. ಲಾರಿ ರಿಪೇರಿ ಮಾಡುವ ಗಂಡ ಮುಖ ಊದಿಸಿಕೊಂಡಿದ್ದ.

"ಗ್ಯಾರೇಜಲ್ಲಿ ಎಲ್ಲಾ ಆಡ್ಕೊಂಡು ನಗ್ತಾರೆ. ಈ ವಯಸ್ಸಲ್ಲಿ ಬೇಕಾ ನಿಂಗೆ ಇದೆಲ್ಲ?"

"ಇಷ್ಟು ವರ್ಷ ನನ್ನ ಮಾತು ಕೇಳಿದ್ದು ಬೊಂಬೆಗಳು ಮಾತ್ರ ರೀ. ಈಗ ಜನ ಕೇಳ್ತಿದಾರೆ. ನಿಲ್ಲಿಸಲ್ಲ."

ಗೋಡೌನಿನಲ್ಲಿ ರುಂಡವಿಲ್ಲದ ಬೊಂಬೆಗಳ ರಾಶಿಯಿತ್ತು. ಅವಕ್ಕೂ ದನಿ ಬಂತು: "ತಲೆ ಇಲ್ಲ ಅಂತ ನಮ್ಮನ್ನ ಇಲ್ಲಿಗೆ ಹಾಕಿದ್ರು. ತಲೆ ಓಡಿಸಿದ್ಲು ಅಂತ ಇವಳನ್ನ!"

ಆಮೇಲೆ ಶುರುವಾಯಿತು ನೋಡಿ. ಎಲ್ಲೋ ಒಬ್ಬ ಕಾವಲುಗಾರ ತನ್ನ ಟೋಪಿಗೂ ಲಾಠಿಗೂ ಜಗಳ ಹಚ್ಚಿದ. ಆಸ್ಪತ್ರೆಯ ಆಯಾ ಒಬ್ಬಳು ನೆಲ ಒರೆಸುವ ಬಕೆಟ್ಟಿನ ಮೇಲೆ ಹಾಡು ಕಟ್ಟಿ ಹಾಡಿದಳು. ಇಬ್ಬರೂ ಅಕ್ಕನ ಹೆಸರು ಹೇಳಿಯೇ ಹಾಕಿದ್ದರು. ನಾನೂ ಅಳತೆ ಟೇಪಿನ ಬಾಯಲ್ಲಿ ಏನೋ ಹೇಳಿಸಿದೆ. ಚೆನ್ನಾಗಿರಲಿಲ್ಲ. ಆದರೂ ಹಾಕಿದೆ.

ಗಿರಾಕಿಗಳು ಬೊಂಬೆ ಅಕ್ಕನನ್ನು ವಿಚಾರಿಸತೊಡಗಿದ ಮೇಲೆ ಮಾಲೀಕರು ಗೋಡೌನಿಗೆ ಬಂದರು. ದನಿಯಲ್ಲಿ ಬೆಣ್ಣೆ.

"ವಾಪಸ್ ಬಾಮ್ಮ. ನಮ್ಮ ರಿಯಾಯಿತಿ ಮಾರಾಟದ ಬಗ್ಗೆ ಬೊಂಬೆಗಳು ಮಾತಾಡ್ಲಿ. ನಾನೇ ಬರೆದು ಕೊಡ್ತೀನಿ."

"ಬಟ್ಟೆ ನೀವು ಹೇಳಿದ್ದೇ ತೊಡಿಸ್ತೀನಿ ಸಾರ್. ಮಾತು ಮಾತ್ರ ನಾನೇ ಕಟ್ಟೋದು."

ಅಕ್ಕ ಗಾಜಿನ ಹಿಂದಿನ ಕೆಲಸಕ್ಕೆ ಮರಳಿದಳು. ಆದರೆ ಸಂಜೆಯೊಳಗೆ ಗೋಡೆಗೆ ಚೀಟಿ ಬಿತ್ತು: ಕೆಲಸದ ವೇಳೆ ಫೋನು ನಿಷೇಧ. ವಿಚಿತ್ರವೆಂದರೆ, ಅದೇ ವಾರ ಕೌಂಟರಿನ ಹಿಂದೆ ಸ್ಟೂಲುಗಳೂ ಬಂದವು. ಯಾಕೆಂದು ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಕೂತೆವು.

ಅಕ್ಕ ಗುಜರಿಯವನ ಹತ್ತಿರ ಒಂದು ಒಡಕು ಬೊಂಬೆತಲೆ ಕೊಂಡಳು. ಅದೀಗ ಅವಳ ಸ್ವಂತದ್ದು. ಊಟದ ಬಿಡುವಿನಲ್ಲಿ ಅದನ್ನು ಚೀಲದಲ್ಲಿ ಹಾಕಿಕೊಂಡು ಅಂಗಡಿಯ ಎದುರಿನ ಮೆಟ್ಟಿಲ ಮೇಲೆ, ಮಾಲೀಕರಿಗೆ ಸರಿಯಾಗಿ ಕಾಣುವಂತೆ, ಕೂರುತ್ತಾಳೆ. ಫೋನು ಹಿಡಿಯುವುದು ನಾನು. ಮೊನ್ನೆ ಮಾಲೀಕರು ಗಾಜಿನ ಹತ್ತಿರ ಬಂದು ದುರುಗುಟ್ಟಿಕೊಂಡು ನೋಡಿದರು. ನಾನು ಫೋನು ಅರ್ಧ ಇಳಿಸಿದೆ.

"ಇಳಿಸಬೇಡ್ವೇ," ಎಂದಳು ಅಕ್ಕ, ತಲೆಯನ್ನು ತೊಡೆಯ ಮೇಲೆ ನೆಟ್ಟಗೆ ಕೂರಿಸುತ್ತ. "ಮೊದಲಿಂದ ತೆಗಿ. ಈ ಸಲ ಇನ್ನೂ ಜೋರಾಗಿ ಹೇಳ್ತೀನಿ."